ನಿಮ್ಮ ಡೈರಿಯಲ್ಲಿ ಬೇರೆಯವರ ಕೈಯಿಂದಲೂ ಬರೆಸುವುದು ಹೇಗೆ

2021ರ ನವೆಂಬರಿನಲ್ಲಿ ಬಿದ್ದ ಮಳೆಯನ್ನು ಚಿಕ್ಕಬಳ್ಳಾಪುರ, ಕೋಲಾರ ಕಡೆಯವರು ಯಾರೂ ಮರೆತಿರಲಿಕ್ಕಿಲ್ಲ. ಎಷ್ಟೋ ವರ್ಷ ಬತ್ತಿಕೊಂಡಿದ್ದ ಕೆರೆಗಳು ತುಂಬಿ ಕೋಡಿ ಹರಿದವು. ಅವತ್ತು ನನ್ನ ಡೈರಿಯಲ್ಲಿ ನಾನು ಬರೆದದ್ದು ಇಷ್ಟೇ: "ರಾತ್ರಿಯಿಡೀ ಮಳೆ. ಕೆರೆ ಕೋಡಿ ಬಿತ್ತು. ಎಲ್ಲರೂ ನೋಡಲು ಹೋಗಿದ್ದೆವು."

ಆರು ತಿಂಗಳಾದ ಮೇಲೆ ಆ ಪುಟವನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಸುಮ್ನೆ ಕೇಳಿಸಿಕೊಂಡು, "ಎಲ್ಲರೂ ಎಲ್ಲಿ ಹೋಗಿದ್ರಿ? ನಾನು ಹುಳದ ಮನೇಲಿದ್ದೆ" ಅಂದರು. ನಮ್ಮದು ಶಿಡ್ಲಘಟ್ಟದ ಕಡೆ, ರೇಷ್ಮೆ ಮನೆ. ಆಗ ಹುಳ ನಾಲ್ಕನೇ ಜ್ವರದಿಂದ (ಹುಳ ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಅಂತಾರೆ) ಎದ್ದಿತ್ತು, ಅಂದರೆ ಹಗಲೂ ರಾತ್ರಿ ಮೇವು ಕೇಳುವ ಕಾಲ. ಒದ್ದೆ ಸೊಪ್ಪು ಹಾಕಿದರೆ ಹುಳಕ್ಕೆ ರೋಗ ಬರುತ್ತದೆ. ಅದಕ್ಕೆ ಅಮ್ಮ ಸೊಪ್ಪಿನ ಕಟ್ಟು ಬಿಚ್ಚಿ ಜಗುಲಿ ತುಂಬಾ ಹರಡಿ, ಫ್ಯಾನ್ ಹಾಕಿ, ಅದೂ ಸಾಲದೆ ಒಂದೊಂದೇ ಕಡ್ಡಿಯನ್ನು ಹಳೇ ಸೀರೆಯಲ್ಲಿ ಒರೆಸುತ್ತಾ ಕೂತಿದ್ದರು. ನಾವು ಕೋಡಿ ನೋಡಿ ಕುಣಿದು ಬಂದೆವು. ಅಮ್ಮ ಆ ನೀರನ್ನು ನೋಡಿಯೇ ಇಲ್ಲ.

"ಇದನ್ನ ನೀನೇ ಬರಿಯಮ್ಮಾ" ಅಂತ ಪುಸ್ತಕ ಮುಂದಿಟ್ಟೆ. ಐದು ಸಾಲು ಬರೆದರು. ಅವತ್ತಿನಿಂದ ನನ್ನ ಡೈರಿಯಲ್ಲಿ ಮನೆಯವರ, ನೆಂಟರ, ಪಕ್ಕದ ಮನೆಯವರ ಅಕ್ಷರ ಸೇರುತ್ತಾ ಬಂದಿದೆ. ಈಗ ಮೂರನೇ ಪುಸ್ತಕ ನಡೀತಿದೆ. ಹೇಗೆ ಕೇಳಿದರೆ ಬರೆಯುತ್ತಾರೆ, ಹೇಗೆ ಕೇಳಿದರೆ ಪೆನ್ನು ಕೆಳಗಿಟ್ಟು ಎದ್ದು ಹೋಗುತ್ತಾರೆ ಅನ್ನುವುದು ಮಾಡಿ ನೋಡಿಯೇ ಗೊತ್ತಾಗಿದ್ದು. ಅದನ್ನೇ ಹಂತ ಹಂತವಾಗಿ ಹೇಳ್ತೀನಿ.

ಅಂದ ಹಾಗೆ, ನಮ್ಮ ಪುಸ್ತಕದಲ್ಲಿ ಬೇರೆಯವರು ಬರೆಯುವುದು ನಮಗೆ ಹೊಸದೇನಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಬರೆಯೋಕೆ ಕೈಬರಹ ಚೆನ್ನಾಗಿರುವ ಒಬ್ಬ ನೆಂಟರನ್ನು ಕೂರಿಸುತ್ತೇವೆ ಅಲ್ವಾ? ಪುಸ್ತಕ ಮನೆಯದು, ಅಕ್ಷರ ಅವರದು. ಇಪ್ಪತ್ತು ವರ್ಷದ ಮೇಲೂ ಆ ಪುಸ್ತಕ ತೆಗೆದು ನೋಡುತ್ತೇವೆ. ಯಾರಾದರೂ ಹಿಂಜರಿದರೆ ನಾನು ಇದನ್ನೇ ಹೇಳುವುದು: "ಮುಯ್ಯಿ ಪುಸ್ತಕದ ಹಾಗೇ ಇದು, ದುಡ್ಡಿನ ಬದಲು ಮಾತು ಬರೀರಿ."

ಮೊದಲು ಪುಸ್ತಕ ಎರಡು ಮಾಡಿಕೊಳ್ಳಿ

ನೀವು ಈಗಾಗಲೇ ಬರೆಯುತ್ತಿರುವ ಡೈರಿಯನ್ನು ಯಾರ ಕೈಗೂ ಕೊಡಬೇಡಿ. ಅದು ನಿಮ್ಮ ಮನಸ್ಸಿನ ಪುಸ್ತಕ. ಅದರಲ್ಲಿ ಸಿಟ್ಟಿದೆ, ಅಳು ಇದೆ, ಇನ್ನೊಬ್ಬರ ಬಗ್ಗೆ ನೀವು ಅವಸರದಲ್ಲಿ ಬರೆದ ಮಾತಿದೆ. ಯಾರೋ ಪುಟ ತಿರುವುತ್ತಾ ತಮ್ಮ ಹೆಸರು ನೋಡಿಬಿಟ್ಟರೆ ಆಮೇಲೆ ಸರಿ ಮಾಡೋದು ಬಹಳ ಕಷ್ಟ. ಇನ್ನೊಂದು ತೊಂದರೆಯೂ ಇದೆ. ಬೇರೆಯವರು ನೋಡುತ್ತಾರೆ ಅಂತ ಗೊತ್ತಾದ ಕೂಡಲೇ ನೀವು ಅಲ್ಲಿ ನಿಜ ಬರೆಯುವುದನ್ನು ನಿಲ್ಲಿಸುತ್ತೀರಿ.

ಆದ್ದರಿಂದ ಎರಡನೇ ಪುಸ್ತಕ ತನ್ನಿ. ನಮ್ಮ ಮನೆಯಲ್ಲಿ ಅದನ್ನು "ದೊಡ್ಡ ಪುಸ್ತಕ" ಅಂತಾರೆ. ದಿನದ ವಿಷಯ ನಾನು ಅದರಲ್ಲೂ ಬರೆಯುತ್ತೇನೆ, ಆದರೆ ಮನೆಯಲ್ಲಿ ಯಾರು ಬೇಕಾದರೂ ತೆಗೆಯಬಹುದು ಅಂದುಕೊಂಡೇ ಬರೆಯುತ್ತೇನೆ. ಗುಟ್ಟಿನದು ಗುಟ್ಟಿನ ಪುಸ್ತಕಕ್ಕೇ.

ಪುಸ್ತಕ, ಪೆನ್ನು, ಗೋಂದು

200 ಪುಟದ, ದಾರದಲ್ಲಿ ಹೊಲಿದ ಗಟ್ಟಿ ರಟ್ಟಿನ ಲಾಂಗ್ ಬುಕ್ ಸಾಕು. ಸ್ಪೈರಲ್ ಪುಸ್ತಕ ಬೇಡ, ನಾಲ್ಕು ಜನರ ಕೈಯಲ್ಲಿ ಓಡಾಡಿದರೆ ಹಾಳೆ ಕಿತ್ತು ಬರುತ್ತದೆ. ವರ್ಷದ ತಾರೀಕು ಅಚ್ಚಾಗಿರುವ ಡೈರಿಯೂ ಬೇಡ. ಅದರಲ್ಲಿ ದಿನಕ್ಕೆ ಒಂದು ಪುಟ ಅಂತ ಇರುತ್ತದೆ, ಒಬ್ಬರು ಮೂರು ಪುಟ ಬರೆಯಲು ಕೂತರೆ ಜಾಗವಿಲ್ಲ, ಯಾರೂ ಬರೆಯದ ವಾರದಲ್ಲಿ ಖಾಲಿ ಪುಟಗಳು ಬೇಜಾರು ಮಾಡುತ್ತವೆ.

ಎಡಗಡೆ ಪುಟ ನಿಮ್ಮದು, ಬಲಗಡೆ ಪುಟ ಬೇರೆಯವರದು. ಇದೊಂದು ಏರ್ಪಾಡು ಮಾಡಿಕೊಳ್ಳಿ, ಬಹಳ ಉಪಯೋಗ ಆಗುತ್ತದೆ. ನೀವು ಬರೆದದ್ದರ ಎದುರಿಗೆ ಖಾಲಿ ಪುಟ ಕಂಡರೆ ಓದಿದವರಿಗೆ ತಾವೇ ಒಂದು ಮಾತು ಸೇರಿಸೋಣ ಅನ್ನಿಸುತ್ತದೆ.

ಬಾಲ್ ಪೆನ್ ಕೊಡಿ. ಜೆಲ್ ಪೆನ್ನು, ಇಂಕ್ ಪೆನ್ನುಗಳ ಶಾಯಿಯಲ್ಲಿ ಎಷ್ಟೋ ನೀರು ಬಿದ್ದರೆ ಹರಡಿಬಿಡುತ್ತವೆ. ಬಾಲ್ ಪೆನ್ನಿನ ಶಾಯಿ ಎಣ್ಣೆಯಂಥದ್ದು, ತಡೆದುಕೊಳ್ಳುತ್ತದೆ. ಅಡುಗೆಮನೆಯಲ್ಲಿ ಒದ್ದೆ ಕೈಯಲ್ಲಿ ಬರೆಯುವವರೇ ಜಾಸ್ತಿ ನಮ್ಮಲ್ಲಿ. ಪೆನ್ನನ್ನು ದಾರ ಕಟ್ಟಿ ಪುಸ್ತಕಕ್ಕೇ ನೇತುಹಾಕಿ. "ಪೆನ್ ಎಲ್ಲಿ" ಅಂತ ಹುಡುಕುವಷ್ಟರಲ್ಲಿ ಬರೆಯಬೇಕು ಅನ್ನುವ ಮನಸ್ಸು ಹೋಗಿರುತ್ತದೆ.

ಬಿಲ್ಲು, ಬಸ್ ಟಿಕೆಟ್ಟು ಅಂಟಿಸುವುದಾದರೆ ಮೊದಲು ಜೆರಾಕ್ಸ್ ಮಾಡಿಸಿ. ಮಷಿನ್ನಿನಿಂದ ಬರುವ ಆ ನುಣುಪು ಕಾಗದದ ಅಕ್ಷರ ಒಂದೆರಡು ವರ್ಷದಲ್ಲಿ ಮಾಸಿ ಬಿಳಿಯಾಗುತ್ತದೆ. ಪಾರದರ್ಶಕ ಟೇಪು ಹಳದಿಯಾಗಿ ಕಾಗದವನ್ನೂ ಕೆಡಿಸುತ್ತದೆ, ಗೋಂದು ವಾಸಿ.

ಒಬ್ಬರಿಂದ ಶುರು ಮಾಡಿ

ಹಬ್ಬಕ್ಕೆ ಹತ್ತು ಜನ ಸೇರಿದಾಗ ಪುಸ್ತಕ ತೆಗೆದು "ಎಲ್ಲರೂ ಒಂದೊಂದು ಮಾತು ಬರೀರಿ" ಅಂದರೆ ಏನಾಗುತ್ತದೆ ಗೊತ್ತಾ? ಮೊದಲನೆಯವರು "ಎಲ್ಲರಿಗೂ ಶುಭವಾಗಲಿ" ಅಂತ ಬರೆಯುತ್ತಾರೆ. ಮಿಕ್ಕ ಒಂಬತ್ತು ಜನ ಅದನ್ನೇ ನೋಡಿ ಅದನ್ನೇ ಬರೆಯುತ್ತಾರೆ.

ಒಬ್ಬರನ್ನು ಆರಿಸಿಕೊಳ್ಳಿ. ನೀವು ಬರೆದ ದಿನದಲ್ಲಿ ಅವರೂ ಇದ್ದಿರಬೇಕು, ಅದು ಮುಖ್ಯ. ಚೆನ್ನಾಗಿ ಬರೆಯುವವರೇ ಆಗಬೇಕಿಲ್ಲ. ಅವರು ಒಬ್ಬರೇ ಇರುವಾಗ, ಕೆಲಸ ಮುಗಿದ ಹೊತ್ತಿನಲ್ಲಿ, ನೀವು ಬರೆದ ಪುಟವನ್ನು ಮೊದಲು ಓದಿ ಹೇಳಿ. ನೀವು ನಿಮ್ಮದನ್ನು ತೋರಿಸದೆ ಅವರದನ್ನು ಕೇಳಬಾರದು. ಓದಿ ಮುಗಿಸಿದ ಮೇಲೆ ಒಂದು ನಿಮಿಷ ಸುಮ್ಮನಿರಿ. ಹತ್ತರಲ್ಲಿ ಒಂಬತ್ತು ಸಲ "ಹಂಗಲ್ಲ ಅದು ಆಗಿದ್ದು" ಅಂತ ಅವರೇ ಶುರು ಮಾಡುತ್ತಾರೆ. ಆಗ ಪುಸ್ತಕ ಮುಂದಿಡಿ.

"ಏನಾದ್ರೂ ಬರೀರಿ" ಅನ್ನಬೇಡಿ

ಈ ಇಡೀ ಕೆಲಸದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದು. "ನಿಮ್ಮ ಅನುಭವ ಬರೀರಿ" ಅಂದರೆ ಪರೀಕ್ಷೆ ಬರೆದ ಹಾಗೆ ಆಗುತ್ತದೆ. ಶಾಲೆ ಬಿಟ್ಟು ಮೂವತ್ತು ವರ್ಷವಾದವರ ಕೈ ನಡುಗುತ್ತದೆ. ಪ್ರಶ್ನೆ ಸಣ್ಣದಿರಬೇಕು, ಒಂದು ದಿನದ್ದು, ಒಂದು ವಸ್ತುವಿನದು, ಕಣ್ಣಿಗೆ ಕಟ್ಟುವಂಥದ್ದು.

ನಾನು ಕೇಳಿದ ಕೆಲವು ಪ್ರಶ್ನೆಗಳು: ಕೋಡಿ ಬಿದ್ದ ದಿನ ಬೆಳಗ್ಗೆ ಏನು ತಿಂದ್ರಿ? ಮೊದಲನೇ ಬೆಳೆಯ ಗೂಡು ಮಾರಿದ ದುಡ್ಡಲ್ಲಿ ಮನೆಗೆ ಏನು ಬಂತು? ಈ ಮನೆಗೆ ಸೊಸೆಯಾಗಿ ಬಂದ ದಿನ ಬಾಗಿಲಲ್ಲಿ ಯಾರು ನಿಂತಿದ್ದರು? ನಾನು ಚಿಕ್ಕವನಿದ್ದಾಗ ನಿಮಗೆ ಜಾಸ್ತಿ ಸಿಟ್ಟು ಬರಿಸಿದ್ದು ಯಾವಾಗ?

ಅತ್ತೆಯನ್ನು "ಹಿತಕಿದ ಅವರೆಬೇಳೆ ಸಾರು ಹೇಗೆ ಮಾಡ್ತೀರಿ" ಅಂತ ಕೇಳಿದ್ದೆ. ಅವರು ಬರೆದದ್ದರಲ್ಲಿ ಅರ್ಧ ಸಾರು, ಅರ್ಧ ಅವರ ತವರಿನ ಹಿತ್ತಲು. ಅವರೆಕಾಯಿ ಸೊಗಡು ಕೈಗೆ ಹತ್ತಿದ್ದು, ರಾತ್ರಿ ಕಾಳು ನೆನೆಹಾಕಿ ಬೆಳಗ್ಗೆ ಅಕ್ಕತಂಗಿಯರು ಸುತ್ತ ಕೂತು ಹಿತಕಿದ್ದು, ಸಿಪ್ಪೆಯನ್ನು ಒಬ್ಬರ ಮೇಲೊಬ್ಬರು ಹಾರಿಸಿ ಬೈಸಿಕೊಂಡದ್ದು. ಅಳತೆಗೆ "ಒಂದು ಹಿಡಿ", "ಕಣ್ಣಳತೆ" ಅಂತ ಬರೆದಿದ್ದಾರೆ. ಅದನ್ನು ಗ್ರಾಮಿಗೆ ಇಳಿಸಲು ಹೋಗಬೇಡಿ.

ಎರಡನೇ ಮಾತು, ಅಳತೆ ಹೇಳಿ. "ಮೂರು ಸಾಲು ಸಾಕು" ಅನ್ನಿ. ಮೂರು ಸಾಲು ಅಂದರೆ ಯಾರೂ ಹೆದರುವುದಿಲ್ಲ. ಬರೆಯಲು ಕೂತ ಮೇಲೆ ಅದು ಮೂರಕ್ಕೆ ನಿಲ್ಲುವುದೂ ಇಲ್ಲ.

ಬರೆಯುವಾಗ ಪಕ್ಕದಲ್ಲಿ ನಿಂತು ಇಣುಕಿ ನೋಡಬೇಡಿ. ಕಾಫಿ ಮಾಡಲು ಒಳಗೆ ಹೋಗಿ.

ಬರೆಯಲು ಬಾರದವರು, ತೆಲುಗಿನವರು, ಮಕ್ಕಳು

ನಮ್ಮ ಅಜ್ಜಿಗೆ ಓದು ಬರಹ ಇಲ್ಲ. ಮಾತು ಮುಕ್ಕಾಲು ತೆಲುಗು, ಕಾಲು ಕನ್ನಡ. ಚಿಂತಾಮಣಿ, ಬಾಗೇಪಲ್ಲಿ, ಮುಳಬಾಗಿಲು, ಎಲ್ಲಾ ಕಡೆ ಇಂಥ ಮನೆಗಳೇ. ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಮೊದಲು ಕೇಳಿಯೇ ಮಾಡಿಕೊಳ್ಳಿ, ಆಮೇಲೆ ಕೇಳಿಸಿಕೊಂಡು ಹೇಳಿದ ಹಾಗೇ ಬರೆಯಿರಿ. ತೆಲುಗು ಮಾತನ್ನು ಕನ್ನಡ ಅಕ್ಷರದಲ್ಲಿ ಬರೆಯಿರಿ. ಅಜ್ಜಿ "ಪುರುಗುಲು ಪಂಡಿನಾಯಿ" ಅಂದಿದ್ದಾರೆ. ಅದನ್ನು ನಾನು "ಹುಳ ಹಣ್ಣಾದವು" (ಅಂದರೆ ಗೂಡು ಕಟ್ಟಲು ಸಿದ್ಧವಾದವು) ಅಂತ ಬದಲಾಯಿಸಲಿಲ್ಲ, ಅರ್ಥವನ್ನು ಪಕ್ಕದಲ್ಲಿ ಸಣ್ಣದಾಗಿ ಬರೆದಿದ್ದೇನೆ. ಪುಸ್ತಕದಲ್ಲಿ ಅಜ್ಜಿಯ ಧ್ವನಿ ಕೇಳಬೇಕಾದರೆ ಆ ಮಾತೇ ಬೇಕು.

ಬರೆದು ಮುಗಿದ ಮೇಲೆ ಅವರಿಗೆ ಪೂರ್ತಿ ಓದಿ ಹೇಳಿ. ಇದನ್ನು ತಪ್ಪಿಸಬೇಡಿ. "ಇದು ಬೇಡ ತೆಗಿ" ಅಂದರೆ ಅವರ ಎದುರಿಗೇ ಗೀಟು ಹೊಡೆಯಿರಿ. "ಸರಿ ಅದೆ" ಅಂದ ಮೇಲೆ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬಹುದು. ನಮ್ಮ ಅಜ್ಜಿ ಸ್ಟ್ಯಾಂಪ್ ಪ್ಯಾಡ್ ಬೇಡ ಅಂದು ಕುಂಕುಮಕ್ಕೆ ಒಂದು ಹನಿ ಎಣ್ಣೆ ಹಾಕಿ, ಬೆರಳಲ್ಲಿ ಚೆನ್ನಾಗಿ ತಿಕ್ಕಿ ಒತ್ತಿದರು. ಎಣ್ಣೆ ಹಿಂದಿನ ಪುಟಕ್ಕೂ ಇಳಿದಿದೆ. ಹೆಬ್ಬೆರಳಿನ ಗೆರೆ ಒಂದೊಂದೂ ಕಾಣುತ್ತದೆ, ನಡುವೆ ಸೊಪ್ಪು ಕೊಯ್ಯುವಾಗ ಕುಡುಗೋಲು ತಗುಲಿದ ಹಳೇ ಗಾಯದ ಅಡ್ಡ ಗೆರೆಯೂ ಇದೆ.

ಹಿರಿಯರಿಗೆ ಇಸವಿ ನೆನಪಿರುವುದಿಲ್ಲ. "ಯಾವ ವರ್ಷ" ಅನ್ನುವುದಕ್ಕಿಂತ ಅವರಿಗೆ ಗೊತ್ತಿರುವ ಘಟನೆಗೆ ಗಂಟು ಹಾಕಿ ಕೇಳಿ. ಇಂದಿರಾ ಗಾಂಧಿ ತೀರಿಕೊಂಡದ್ದಕ್ಕೆ ಮುಂಚೆಯೋ ಆಮೇಲೋ? ಅದು 1984. ಕೆಜಿಎಫ್ ಗಣಿ ಮುಚ್ಚಿದ ವರ್ಷ? 2001. ಸಾವಿರದ ನೋಟು ನಿಂತಾಗ? 2016ರ ನವೆಂಬರ್. ಹೀಗೆ ಎರಡು ಕಡೆಯಿಂದ ಹಿಡಿದರೆ ಒಂದೆರಡು ವರ್ಷದ ಅಂತರದಲ್ಲಿ ಕಾಲ ಸಿಗುತ್ತದೆ.

ಮಕ್ಕಳಿಗೆ ಬರೆಯಲು ಹೇಳಬೇಡಿ, ಚಿತ್ರ ಬಿಡಿಸಲು ಹೇಳಿ. ಅಣ್ಣನ ಮಗಳು ಚಂದ್ರಿಕೆಯ, ಅಂದರೆ ಹುಳ ಗೂಡು ಕಟ್ಟಲು ಬಿಡುವ ಬಿದಿರ ತಟ್ಟಿಯ, ಚಿತ್ರ ಬರೆದಿದ್ದಾಳೆ. ಚಂದ್ರಿಕೆಯ ಬಿದಿರ ಪಟ್ಟಿ ಸುರುಳಿ ಸುತ್ತಿರುತ್ತದಲ್ಲ, ಅದನ್ನು ನಡುವಿನಿಂದ ಹೊರಕ್ಕೆ ಪೆನ್ಸಿಲ್ ಎತ್ತದೆ ಒಂದೇ ಗೆರೆಯಲ್ಲಿ ಸುತ್ತಿದ್ದಾಳೆ. ಒಳಗಿನ ಹುಳಗಳಲ್ಲಿ ಕೆಲವಕ್ಕೆ ಮಾತ್ರ ಹಳದಿ ಬಣ್ಣ. "ಯಾಕೆ ಪುಟ್ಟಿ" ಅಂದರೆ "ಇವು ಹಣ್ಣಾಗಿವೆ, ಅವು ಇನ್ನೂ ಇಲ್ಲ" ಅಂದಳು. ಆ ಮಾತನ್ನೂ ಅವಳ ಹೆಸರು, ವಯಸ್ಸಿನ ಜೊತೆ ಕೆಳಗೆ ಬರೆದಿಟ್ಟೆ.

ತಿದ್ದಬೇಡಿ

ಕಾಗುಣಿತ ತಪ್ಪಿದ್ದರೂ ಇರಲಿ. "ಹಾಲು" ಅನ್ನುವುದನ್ನು "ಆಲು" ಅಂತ ಬರೆದರೂ ಇರಲಿ, ಅವರು ಆಡುವುದೇ ಹಾಗೆ. ಒಂದು ಸಲ ಕೆಂಪು ಶಾಯಿಯಲ್ಲಿ ತಿದ್ದಿ ನೋಡಿ, ಅವರು ಮತ್ತೆ ಬರೆಯುವುದಿಲ್ಲ. ಅಜ್ಜಿ ಈಗಲೂ ನಮ್ಮೂರನ್ನು ಕೋಲಾರ ಜಿಲ್ಲೆ ಅಂತಲೇ ಹೇಳುವುದು. 2007ರಲ್ಲೇ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದೆ. ಪುಸ್ತಕದಲ್ಲಿ ಕೋಲಾರ ಅಂತಲೇ ಇದೆ.

ನೀವು ಸೇರಿಸಬೇಕಾದದ್ದು ಇಷ್ಟೇ: ಬರೆದ ತಾರೀಕು, ಬರೆದವರ ಹೆಸರು, ನಿಮಗೆ ಅವರು ಏನಾಗಬೇಕು, ಎಲ್ಲಿ ಕೂತು ಬರೆದರು. "ಏನಾಗಬೇಕು" ಅನ್ನುವುದನ್ನು ಮರೆಯಬೇಡಿ. ಮೂವತ್ತು ವರ್ಷದ ಮೇಲೆ ಓದುವ ಮಗುವಿಗೆ ಬರೀ "ಭಾವ" ಅಂದರೆ ಯಾವ ಭಾವ ಅಂತ ತಿಳಿಯುವುದಿಲ್ಲ.

ಇಬ್ಬರು ಎರಡು ಥರ ಬರೆದರೆ

ಬರೆಯುತ್ತಾರೆ, ಖಂಡಿತ. ನಮ್ಮ ತೋಟದ ಬೋರ್‌ವೆಲ್ ವಿಷಯ ತಗೊಳ್ಳಿ. ಅಪ್ಪ ಬರೆದದ್ದು: ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡುವವರು ಬಂದು ತೋರಿಸಿದರು, 1,150 ಅಡಿಗೆ ಒಂದೂವರೆ ಇಂಚು ನೀರು ಬಂತು. ಚಿಕ್ಕಪ್ಪ ಎದುರು ಪುಟದಲ್ಲಿ ಬರೆದದ್ದು: ಆ ಪಾಯಿಂಟ್ ಕೊರೆದದ್ದು ಫೇಲ್ ಆಯ್ತು, ನೀರು ಬಂದದ್ದು ನಾನು ಹೇಳಿದ ಹುಣಸೆಮರದ ಹತ್ತಿರ, 1,200 ದಾಟಿತ್ತು. ಓದಿದ ಅಪ್ಪನಿಗೆ ಸಿಟ್ಟು ಬಂತು. ಹಾಳೆ ಹರಿ ಅಂದರು.

ಹರಿಯಲಿಲ್ಲ. ಅಂಥ ಹೊತ್ತಲ್ಲಿ ಯಾರದು ಸರಿ ಅಂತ ನೀವು ಪಂಚಾಯ್ತಿ ಮಾಡಬೇಡಿ. "ಅಪ್ಪ, ನಿಮ್ಮದು ಅಲ್ಲೇ ಅದೆ, ಚಿಕ್ಕಪ್ಪಂದೂ ಅಲ್ಲೇ ಇರಲಿ" ಅಂದೆ. ಎರಡು ವಾರದ ನಂತರ ಅಪ್ಪ ತಾವೇ ಕೆಳಗೆ ಇನ್ನೊಂದು ಸಾಲು ಸೇರಿಸಿದರು: "ಎರಡು ಸಲ ಕೊರೆಸಿದ್ದು ನಿಜ. ಮೊದಲನೆಯದರ ಸಾಲ ತೀರಲು ನಾಲ್ಕು ವರ್ಷ ಹಿಡಿಯಿತು." ಆ ಸಾಲದ ವಿಷಯ ಅಲ್ಲಿಯವರೆಗೆ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆದರೆ ಒಂದು ಎಚ್ಚರಿಕೆ. ಜಮೀನು ಪಾಲು, ಕೋರ್ಟಿನಲ್ಲಿರುವ ತಕರಾರು, ಯಾರದೋ ಮನೆಯ ಗಂಡ ಹೆಂಡತಿ ಜಗಳ, ಇವು ಈ ಪುಸ್ತಕಕ್ಕೆ ಬೇಡ. ಆಧಾರ್ ನಂಬರು, ಬ್ಯಾಂಕ್ ಖಾತೆ, ಪಿನ್ನು ಬೇಡವೇ ಬೇಡ. ಅಲ್ಲಿ ಇಲ್ಲದ ಮೂರನೆಯವರ ಕಾಯಿಲೆಯ ಬಗ್ಗೆಯೂ ಬರೆಸಬೇಡಿ.

ಯಾರು ಓದಬಹುದು ಅಂತ ಮೊದಲೇ ಕೇಳಿ

ಇದರಲ್ಲಿ ನಾನು ತಪ್ಪು ಮಾಡಿದ್ದೇನೆ. ಚಿಕ್ಕಮ್ಮ ತಮ್ಮನ್ನು ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ ದಿನದ ಬಗ್ಗೆ ಎರಡು ಪುಟ ಬರೆದಿದ್ದರು. ಚೀಲವನ್ನು ತಂಗಿಗೆ ಕೊಟ್ಟುಬಿಟ್ಟದ್ದು, ಒಳಗಿದ್ದ ಅರ್ಧ ರಬ್ಬರನ್ನು ಮಾತ್ರ ಸೆರಗಿಗೆ ಕಟ್ಟಿಕೊಂಡದ್ದು. ಓದಿ ನನಗೆ ಗಂಟಲು ಕಟ್ಟಿತು. ದೀಪಾವಳಿಗೆ ಎಲ್ಲರೂ ಸೇರಿದಾಗ ಅದನ್ನು ಗಟ್ಟಿಯಾಗಿ ಓದಿಬಿಟ್ಟೆ. ಚಿಕ್ಕಮ್ಮ ಎದ್ದು ಒಳಗೆ ಹೋದರು. ಅವರು ಬರೆದದ್ದು ನನಗೆ, ಹತ್ತು ಜನಕ್ಕಲ್ಲ. ಒಂದು ವರ್ಷ ಅವರು ಪುಸ್ತಕ ಮುಟ್ಟಲಿಲ್ಲ. ಹೋಗಿ ತಪ್ಪಾಯ್ತು ಅಂದೆ, ಪುಟ ಬೇಕಾದರೆ ತೆಗೆದುಕೊಡುತ್ತೇನೆ ಅಂದೆ. "ಇರಲಿ, ಮುಚ್ಚಿಡು" ಅಂದರು. ಎರಡು ಪುಟದ ಅಂಚುಗಳನ್ನು ದಾರದಲ್ಲಿ ಹೊಲಿದಿಟ್ಟಿದ್ದೇನೆ.

ಅದಕ್ಕೇ ಈಗ ಪ್ರತಿಯೊಬ್ಬರನ್ನೂ ಬರೆದ ಕೂಡಲೇ ಕೇಳುತ್ತೇನೆ, ಪುಟದ ಮೂಲೆಯಲ್ಲಿ ಗುರುತು ಹಾಕುತ್ತೇನೆ. "ಮ" ಅಂದರೆ ಮನೆಯವರು ಓದಬಹುದು. "ನ" ಅಂದರೆ ನಾನು ಮಾತ್ರ. "ಎ" ಅಂದರೆ ಎಲ್ಲರೂ. ಬರೆದವರು ಯಾವತ್ತು ಕೇಳಿದರೂ ಪುಟ ವಾಪಸ್ ಕೊಡಬೇಕು. ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕುವುದಕ್ಕೂ ಅದೇ ಮಾತು, ಕೇಳಿ ಹಾಕಿ.

ದೂರ ಇರುವವರು

ಅಕ್ಕ ಇರುವುದು ಬೆಂಗಳೂರಿನಲ್ಲಿ. ತಿಂಗಳಿಗೊಂದು ಪೋಸ್ಟ್ ಕಾರ್ಡ್ ಹಾಕು ಅಂತ ವಿಳಾಸ ಬರೆದ ಹನ್ನೆರಡು ಕಾರ್ಡ್ ಒಂದೇ ಸಲ ಕೊಟ್ಟುಬಿಟ್ಟೆ. ಜಾಗ ಕಮ್ಮಿ ಇರುವುದರಿಂದ ಬರೆಯಲು ಬೇಜಾರಾಗುವುದಿಲ್ಲ. ಬಂದ ಕಾರ್ಡನ್ನು ಒಂದು ಅಂಚಿಗೆ ಮಾತ್ರ ಗೋಂದು ಹಚ್ಚಿ ಅಂಟಿಸಿ, ಆಗ ತಿರುಗಿಸಿ ಎರಡೂ ಕಡೆ ಓದಬಹುದು. ಕಾರ್ಡೂ ಆಗದವರಿಗೆ ವಾಟ್ಸಾಪ್ ಧ್ವನಿ ಸಂದೇಶ ಸರಿ. ಮೊಬೈಲು ಬದಲಾಯಿಸಿದರೆ ಹೋಗಿಬಿಡಬಹುದು, ಆ ವಾರವೇ ಬರೆದುಕೊಳ್ಳಿ.

ಗೂಗಲ್ ಡಾಕ್ಸ್‌ನಲ್ಲಿ ಮಾಡುವವರೂ ಇದ್ದಾರೆ. ಅಲ್ಲಿ ಬರೀ ಓದಲು, ಟಿಪ್ಪಣಿ ಹಾಕಲು, ತಿದ್ದಲು ಅಂತ ಬೇರೆ ಬೇರೆ ಅನುಮತಿ ಕೊಡಬಹುದು, ಯಾರು ಯಾವಾಗ ಬದಲಾಯಿಸಿದರು ಅನ್ನುವುದೂ ಉಳಿಯುತ್ತದೆ. ದೂರದವರು ಜಾಸ್ತಿ ಇದ್ದರೆ ಅನುಕೂಲ. ನನಗೆ ಮಾತ್ರ ಕೈಬರಹವೇ ಬೇಕು.

ಪುಸ್ತಕ ಕಾಪಾಡುವುದು

ಮೂರು ತಿಂಗಳಿಗೊಮ್ಮೆ ಎಲ್ಲಾ ಪುಟದ ಫೋಟೋ ತೆಗೆದು, ಮೊಬೈಲಿನಲ್ಲಿ ಅಷ್ಟೇ ಅಲ್ಲದೆ ಪೆನ್ ಡ್ರೈವಿನಲ್ಲೂ ಇಡಿ. ಪುಸ್ತಕವನ್ನು ಗೋಡೆಗೆ ತಾಗಿಸಿ ಇಡಬೇಡಿ, ಮಳೆಗಾಲದಲ್ಲಿ ಗೋಡೆಯ ತೇವ ಎಳೆದುಕೊಳ್ಳುತ್ತದೆ. ಚೆನ್ನಾಗಿ ಒಣಗಿದ ಬೇವಿನೆಲೆ ಪುಟಗಳ ನಡುವೆ ಹಾಕಬಹುದು. ರೇಷ್ಮೆ ಮನೆಯವರು ನುಸಿಗುಳಿಗೆ ಹಾಕಬೇಡಿ. ಅದು ಹುಳಕ್ಕೆ ವಿಷ.

ನಮ್ಮಲ್ಲಿ ಪುಸ್ತಕ ಬದಲಾಗುವುದು ವರ್ಷತೊಡಕಿನ ದಿನ. ಯುಗಾದಿಯ ಮಾರನೇ ದಿನ ಹೇಗೂ ಎಲ್ಲರೂ ಮನೆಯಲ್ಲಿರುತ್ತಾರೆ. ಹಳೇ ಪುಸ್ತಕ ಜಗುಲಿಯ ಮೇಲೆ ಇರುತ್ತದೆ, "ನ" ಗುರುತಿನ ಪುಟಗಳಿಗೆ ಬಟ್ಟೆ ಕ್ಲಿಪ್ ಹಾಕಿರುತ್ತೇನೆ. ಬೇಕಾದವರು ತೆಗೆದು ಓದುತ್ತಾರೆ. ಹೊಸ ಪುಸ್ತಕಕ್ಕೆ ಪುಟದ ನಂಬರ್ ಹಾಕುವ ಕೆಲಸ ಅಣ್ಣನ ಮಗಳದು. ಮೊದಲ ಪುಟ ಅಮ್ಮನದು. ಹೋದ ವರ್ಷ ಅವರು ಬರೆದದ್ದು ಹೀಗಿದೆ: "ಈ ಸಲ ಕೆರೆ ತುಂಬಿದರೆ ಹುಳ ಯಾರಾದರೂ ನೋಡಿಕೊಳ್ಳಿ. ನಾನೂ ಕೋಡಿ ನೋಡಬೇಕು."